ಬೀರಣ್ಣ ಮಾವನ ನೀಲಿ ಬೆಂಕಿ

ಬೀರಣ್ಣ ಮಾವ ಬೀಡಿ ಸೇದಿದವರಲ್ಲ, ಆದರೂ ಅವರ ಅಂಗಿಯ ಕಿಸೆಯಲ್ಲಿ ಸದಾ ಒಂದು ಬೆಂಕಿಪೊಟ್ಟಣ ಇರುತ್ತಿತ್ತು. ಯಾರ ಮನೆಗೆ ಹೋದರೂ ಜಗಲಿಯಲ್ಲಿ ಕೂರದೆ ನೇರ ಅಡುಗೆಮನೆಗೆ ನುಗ್ಗಿ, ಗೋಡೆಯ ಮಸಿಗೆ ಬೆರಳೊತ್ತಿ, "ಇದೇ ಮಸಿ ನಿಮ್ಮ ಎದೆಯೊಳಗೂ ಅದೆ" ಎನ್ನುತ್ತಿದ್ದರು. ಬೈಸಿಕೊಂಡದ್ದೂ ಉಂಟು. ಚೆಂಡಿಯಾ ಕಡೆಯ ನಮ್ಮೂರಿನಲ್ಲಿ ಪಕ್ಕದ ಮನೆಯವರು ಅವರು. ಮನೆಮನೆಗೂ ಗೋಬರ್ ಗ್ಯಾಸ್ ಆಗಬೇಕು ಎಂಬುದೊಂದೇ ಹುಚ್ಚು.

ನನ್ನ ಅಮ್ಮ ಸುಲಭಕ್ಕೆ ಬಗ್ಗಿದವಳಲ್ಲ. "ಸಗಣಿ ಬೆಂಕಿಲಿ ಬೆಂದ ಅನ್ನ ದೇವ್ರಿಗೆ ಇಡೂಕೆ ಆಗ್ತದ್ಯಾ ಅಣ್ಣಾ?" ಎಂದಳು.

"ತುಳಸಿಕಟ್ಟೆ ಎಂತದ್ರಲ್ಲಿ ಸಾರಸ್ತೆ ತಂಗಿ? ಅದು ಮಡಿ, ಇದು ಮೈಲಿಗೆಯಾ?"

ಅಮ್ಮ ಕೊನೆಗೂ ಒಪ್ಪಿದಳು. ಕೊಟ್ಟಿಗೆಯ ಹಿಂದೆ ಗುಂಡಿ ತೋಡಿಸಿದ್ದಾಯಿತು. ಗ್ಯಾಸು ಬಂದ ದಿನ ಮಾವನೇ ಕಡ್ಡಿ ಗೀರಿದರು, ನೀಲಿ ಬೆಂಕಿ ಹೊತ್ತಿತು. ಚಹಾ ಸೋಸಿದ ಮೇಲೆ ಅಮ್ಮ ಮಸಿಯಿಲ್ಲದ ಪಾತ್ರೆಯ ತಳವನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಗ್ಯಾಸಿನ ಪ್ರಚಾರಕ್ಕೆ ಅಂಕೋಲೆ ಕಡೆಯ ಹಳ್ಳಿಗಳಿಗೆ ಹೋಗುವಾಗ ಮಾವ ಹೆಂಡತಿ ಸಾವಿತ್ರಕ್ಕನನ್ನೂ ಬಸ್ಸು ಹತ್ತಿಸುತ್ತಿದ್ದರು. ಕಟ್ಟಿಗೆ ಒಲೆ ಊದಿ ಊದಿ ವರ್ಷಗಟ್ಟಲೆ ಕೆಮ್ಮಿದವರು ಆಕೆ; ಗ್ಯಾಸು ಬಂದ ಮೇಲೆ ಕೆಮ್ಮು ನಿಂತಿತ್ತು. ಊರ ಹೆಂಗಸರ ಎದುರು ಅವರನ್ನು ಕೂರಿಸಿ ಮಾವ, "ಸುಮ್ನಿರಿ ಎಲ್ರೂ. ಕೆಮ್ಮು ಕೇಳ್ತದ್ಯಾ? ಇಲ್ಲ ಅಲಾ!" ಎನ್ನುವರು. ಸಾವಿತ್ರಕ್ಕ ನಾಚಿ ಸೆರಗು ಕಚ್ಚುವರು. ಈ ನಾಟಕಕ್ಕೆ ನಾವು ಬೇಕಾದಷ್ಟು ನಕ್ಕಿದ್ದೇವೆ. ಆದರೆ ಅದನ್ನು ಕಂಡೇ ಎಷ್ಟೋ ಮನೆಯವರು ಗುಂಡಿ ತೋಡಿದರು.

ಆಮೇಲೆ ನಮ್ಮ ನೆಲ ನೌಕಾನೆಲೆಗೆ ಹೋಯಿತು. ನಾವು ಶಿರವಾಡಕ್ಕೆ ಬಂದೆವು, ಮಾವ ಪುನರ್ವಸತಿ ಕಾಲೊನಿಗೆ ಹೋದರು. ಅಲ್ಲಿ ಅವರಿಗೆ ಕೊಟ್ಟಿಗೆ ಕಟ್ಟುವಷ್ಟು ಜಾಗವಿರಲಿಲ್ಲ, ದನ ಮಾರಿದರು. ಸಗಣಿಯಿಲ್ಲದೆ ಗ್ಯಾಸು ಎಲ್ಲಿಂದ ಬರಬೇಕು? ಸಿಲಿಂಡರ್ ಕೈಗೆಟುಕುವಂತಿರಲಿಲ್ಲ. ಊರು ಬಿಡುವ ದಿನ, ಗುಂಡಿಯಲ್ಲಿ ಉಳಿದ ಗ್ಯಾಸು ಮುಗಿಯುವ ತನಕ ಒಲೆ ಹಚ್ಚಿಟ್ಟು ಎದುರು ಕೂತಿದ್ದರಂತೆ.

ತೀರಿಕೊಳ್ಳುವ ಮೊದಲು ಕೊನೆಯ ಸಲ ನೋಡಲು ಹೋದಾಗ ಮಾವ ಜಗಲಿಯಲ್ಲೇ ಕೂತಿದ್ದರು. ಸಾವಿತ್ರಕ್ಕ ಬಾಗಿಲಿಗೆ ಬಂದು, "ಒಲೆ ನಂದೋಯ್ತು, ಪೊಟ್ಣ ಕೊಡಿ" ಎಂದರು. ಮಾವ ಮುಖ ನೋಡದೆ ಕಿಸೆಯಿಂದ ತೆಗೆದು ಕೊಟ್ಟರು.

ಸ್ವಲ್ಪ ಹೊತ್ತಿಗೆ ಒಳಗಿಂದ ಹೊಗೆ ಬಂತು, ಹಿಂದೆಯೇ ಕೆಮ್ಮು. ನಾನು ಅತ್ತ ತಿರುಗಿದೆ.

"ಅಮ್ಮ ಹೆಂಗದಾಳೆ ಮಗಾ?" ಎಂದರು ಮಾವ. ಆಗಲೇ ಒಮ್ಮೆ ಕೇಳಿದ್ದರು. ಮೀನಿನ ಸುದ್ದಿ ತೆಗೆದರು, ಅಂಕೋಲೆ ಬಸ್ಸಿನ ಸುದ್ದಿ ತೆಗೆದರು. ಒಳಗೆ ಕೆಮ್ಮು ಜೋರಾದಂತೆಲ್ಲ, ಅದು ನನಗೆ ಕೇಳಿಸಬಾರದೆಂದು ಇನ್ನೂ ಗಟ್ಟಿಯಾಗಿ ಮಾತಾಡುತ್ತಲೇ ಹೋದರು.