ಸೈಕಲ್ ಚಾಚಾನ ಎರಡು ಮೈದಾನಗಳು

ಅವರ ಪ್ಯಾಂಟಿನ ಬಲಗಾಲು ಯಾವಾಗಲೂ ಮೀನಖಂಡದವರೆಗೆ ಮಡಚಿರುತ್ತಿತ್ತು. ಚೈನಿನ ಗ್ರೀಸು ಹತ್ತಬಾರದೆಂದು ಸೈಕಲ್ ತುಳಿಯುವವರು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಆದರೆ ಚಾಚಾ ಸೈಕಲ್ಲಿನಿಂದ ಇಳಿದ ಮೇಲೂ ಆ ಮಡಿಕೆ ಬಿಚ್ಚುತ್ತಿರಲಿಲ್ಲ. ಈದ್ ದಿನ ಹೊಸ ಬಟ್ಟೆ ಹಾಕಿಕೊಂಡರೂ ಹಾಗೇ, ಯಾರದಾದರೂ ಮದುವೆಗೆ ಹೋದರೂ ಹಾಗೇ. ಎಡಗಾಲು ಬೀಗರ ಊಟಕ್ಕೆ ಬಂದಂತೆ, ಬಲಗಾಲು ಕೆಲಸಕ್ಕೆ ಹೊರಟಂತೆ ಕಾಣುತ್ತಿತ್ತು. ಮಡಿಕೆಯ ಕೆಳಗೆ ಎಲುಬಿನ ಮೇಲೆ ಹಳೆಯ ಪೆಟ್ಟುಗಳ ಕಪ್ಪು ಕಲೆಗಳಿದ್ದವು. ಒಂದು ಕಾಲಕ್ಕೆ ಫುಟ್‌ಬಾಲ್ ಆಟದಲ್ಲಿ ಊರಿನವರೆಲ್ಲ ನಿಂತು ನೋಡುತ್ತಿದ್ದ ಕಾಲು ಅದು ಎಂದು ನಮಗೆ ಬೇರೆಯವರು ಹೇಳಿದ್ದರು. ಅವರಾಗಿ ಎಂದೂ ಹೇಳಿಕೊಳ್ಳಲಿಲ್ಲ.

ಬಾಗಲಕೋಟೆಯ ಹಳೆಯ ಊರಿನಲ್ಲಿ, ಆಲಮಟ್ಟಿಯ ಹಿನ್ನೀರು ಬಂದು ನಿಂತ ಜಾಗಕ್ಕಿಂತ ಸ್ವಲ್ಪ ಮೇಲೆ, ನಮ್ಮ ಕ್ಲಬ್ಬಿನ ಫುಟ್‌ಬಾಲ್ ಮೈದಾನ. ಮೈದಾನದ ಒಂದು ಮೂಲೆಗೆ ಅವರ ಸೈಕಲ್ ಅಂಗಡಿ. ಅವರ ಮನೆ ಮುಳುಗಡೆಯಲ್ಲಿ ಹೋಗಿತ್ತು. ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಒಂದು ಸೆಕ್ಟರಿನಲ್ಲಿ ಜಾಗ ಸಿಕ್ಕು ಅಲ್ಲಿ ಮನೆ ಕಟ್ಟಿಕೊಂಡಿದ್ದರು. ಆದರೆ ಅಂಗಡಿ ನೀರಿಗೆ ಸಿಕ್ಕಿರಲಿಲ್ಲ, ಮೈದಾನವೂ ಸಿಕ್ಕಿರಲಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ನವನಗರದಿಂದ ಸೈಕಲ್ ತುಳಿದು ಹಳೆಯ ಊರಿಗೆ ಬರುವರು, ಸಂಜೆಯವರೆಗೆ ಪಂಚರು ತೆಗೆಯುವರು, ಬಿಸಿಲು ಇಳಿದ ಮೇಲೆ ಹುಡುಗರಿಗೆ ಆಟ ಕಲಿಸುವರು. ಅದಕ್ಕೆ ಕ್ಲಬ್ಬಿನವರು ಅವರಿಗೆ ಏನೂ ಕೊಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ.

ಚೆಂಡಿನ ಗಾಳಿ ಹೋದರೆ ಅದನ್ನೂ ಟ್ಯೂಬಿನ ಹಾಗೆಯೇ ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡುತ್ತಿದ್ದರು. ಆಟಗಾರರು ಜಗಳಾಡಿದಾಗಲೂ ಅದೇ ಮಾತು: "ಗಾಳಿ ಎಲ್ಲಿಂದ ಹೊಂಟೈತಿ ಮೊದಲ ನೋಡಲೇ, ಆಮ್ಯಾಲ ಬೈಯ್ಯುವಂತಿ." ನಾನು ಈಗ ಮಾಸ್ತರಿಕೆ ಮಾಡುವಾಗ ದಿನಕ್ಕೊಮ್ಮೆಯಾದರೂ ಈ ಮಾತು ಬಾಯಿಗೆ ಬರುತ್ತದೆ.

ನಮ್ಮ ಮನೆ ಮೈದಾನದ ಅಂಚಿಗೇ ಇತ್ತು. ಒಂದಕ್ಕೊಂದು ಆನಿಕೊಂಡ ನಾಲ್ಕು ಮನೆಗಳು, ಅದರಲ್ಲಿ ಕೊನೆಯದು ನಮ್ಮದು. ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಆ ನಾಲ್ಕೂ ಮನೆಗಳಿಗೆ ಕಾಗದಪತ್ರ ಅಂತ ಏನೂ ಇರಲಿಲ್ಲ. ಅಜ್ಜನ ಕಾಲದಿಂದ ಇದ್ದೇವೆ ಅನ್ನುವುದಷ್ಟೇ ನಮ್ಮ ಹಕ್ಕು.

ಚೆಂಡು ಆಗಾಗ ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ಅವ್ವ ಬೈಯುತ್ತಿದ್ದಳು, ನಾನು ಒದ್ದು ವಾಪಸು ಕಳಿಸುತ್ತಿದ್ದೆ. ಒಂದು ಸಂಜೆ ಚಾಚಾ ಬಾಗಿಲಿಗೆ ಬಂದು ನಿಂತರು.

"ಈ ಕಡಿಂದ ಚೆಂಡು ಒದಿಯೂದು ಯಾರು?"

ಬೈಸಿಕೊಳ್ಳುವುದಕ್ಕೆ ತಯಾರಾಗಿ ನಾನು ಮುಂದೆ ಬಂದೆ.

"ನೀನ? ನಾಳಿಂದ ಆ ಕಡಿಂದ ಒದಿ ಬೇಟಿ. ಗೋಲ್ ಕಂಬ ಅಲ್ಲೈತಿ."

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಣ್ಣಾರ, ಹೆಣ್ಣ ಹುಡುಗಿ ಹಿಂಗ ಗಂಡ ಹುಡುಗ್ರ ಜೋಡಿ ಚೆಂಡ ಒದಕೊಂತ ನಿಂತ್ರ ನಾಳೆ ಯಾರ ಮಾಡ್ಕೊಂತಾರ್ರಿ?"

"ಮಾಡ್ಕೊಳ್ಳಾಂವ ಬರೂಮಟ ಆಡಲಿ ತಂಗಿ. ಬಂದ ಮ್ಯಾಲ ಅವನ್ನೂ ಕರಕೊಂಡ ಬರಲಿ, ಗೋಲ್ ಕೀಪರ್ ಒಬ್ಬಾಂವ ಬೇಕಾಗ್ಯಾನ."

ಅವ್ವ ನಕ್ಕುಬಿಟ್ಟಳು. ನಗಿಸಿದವರಿಗೆ ಇಲ್ಲ ಎನ್ನುವುದು ಅವಳಿಗೆ ಬರುತ್ತಿರಲಿಲ್ಲ. ಹೀಗೆ ನಾನು ಆಟಕ್ಕೆ ಬಂದೆ. ನನ್ನನ್ನು ನೋಡಿ ಮತ್ತೆ ಕೆಲವು ಹುಡುಗಿಯರು ಬಂದರು.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಮೈದಾನದ ಪ್ರಶ್ನೆ ಎದ್ದಿತು. ನಮ್ಮ ಮೈದಾನ ಅಳತೆಗೆ ಸಣ್ಣದು. ಮೇಲಾಗಿ ಒಂದು ಮೂಲೆಯಲ್ಲಿ ದೊಡ್ಡ ಬೇವಿನ ಗಿಡ ಇದ್ದುದರಿಂದ ಅಲ್ಲಿ ಗೆರೆಯನ್ನು ಒಳಕ್ಕೆ ಬಾಗಿಸಿ ಹಾಕುತ್ತಿದ್ದರು. ನಮಗೆ ಅದು ರೂಢಿಯಾಗಿತ್ತು. ಆದರೆ ಬೇರೆ ಊರಿನ ತಂಡಗಳು, ಇಂಥ ಸೊಟ್ಟ ಮೈದಾನದಲ್ಲಿ ಆಡುವುದಿಲ್ಲ ಎನ್ನತೊಡಗಿದವು. ಪೂರ್ತಿ ಅಳತೆಯ ಮೈದಾನ ಇಲ್ಲದಿದ್ದರೆ ದೊಡ್ಡ ಪಂದ್ಯಗಳು ಕ್ಲಬ್ಬಿಗೆ ಸಿಗುವಂತಿರಲಿಲ್ಲ. ಇದ್ದುದು ಎರಡೇ ದಾರಿ. ಹಳೆಯ ಮೈದಾನವನ್ನೇ ಹಿಗ್ಗಿಸಬೇಕು, ಇಲ್ಲವೇ ನವನಗರದ ಹೊರಗೆ ಸಿಗಲಿದ್ದ ಖಾಲಿ ಜಾಗಕ್ಕೆ ಹೋಗಬೇಕು. ಆ ಜಾಗ ಬರೀ ಕಲ್ಲು, ಜಾಲಿ ಕಂಟಿ, ನೆರಳಿಲ್ಲ. ಹಳೆಯ ಮೈದಾನದ ಒಂದು ಬದಿಗೆ ಅರಳೆಯ ಗೋದಾಮು, ಇನ್ನೊಂದು ಬದಿಗೆ ರಸ್ತೆ, ಮತ್ತೊಂದು ಬದಿಗೆ ತಗ್ಗು. ಹಿಗ್ಗಿಸುವುದಾದರೆ ನಮ್ಮ ನಾಲ್ಕು ಮನೆಗಳ ಕಡೆಗೇ ಹಿಗ್ಗಬೇಕು.

ಒಂದು ರವಿವಾರ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಸಭೆ ಸೇರಿತು. ನಮ್ಮ ಬಾಗಿಲಿನಿಂದ ಎಲ್ಲವೂ ಕೇಳುತ್ತಿತ್ತು. ಕ್ಲಬ್ಬಿನ ಅಧ್ಯಕ್ಷರು ಸಿಮೆಂಟ್ ವ್ಯಾಪಾರಿ, ಕೆಟ್ಟವರಲ್ಲ. ಗೋಡೆ, ಗ್ಯಾಲರಿ ಎಲ್ಲ ತಾವೇ ಕಟ್ಟಿಸಿಕೊಡುತ್ತೇನೆ ಎಂದರು. ಹೆಚ್ಚಿನವರು ತಲೆ ಅಲ್ಲಾಡಿಸಿದರು. ಅಪ್ಪಂದಿರು, ಅಜ್ಜಂದಿರು ಆಡಿದ ಮೈದಾನ, ಬಿಡುವುದು ಯಾರಿಗೆ ಬೇಕಾಗಿತ್ತು?

"ನಾಕ ಮನಿ ಅದಾವ ನೋಡ್ರಿ," ಅಂದರು ಅಧ್ಯಕ್ಷರು. "ಅವರಿಗೆ ಬ್ಯಾರೆ ಕಡೆ ಜಾಗಾ ಕೊಡಸೂಣು. ಇದಕಿಂತ ಛಲೋ ಜಾಗಾನ ಸಿಗತೈತಿ."

ಒಳಗೆ ಅವ್ವನ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಚಾಚಾ ಹಿಗ್ಗಿಸುವ ಕಡೆಗೇ ಇರುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಮನೆ ಕಳೆದುಕೊಂಡ ಮನುಷ್ಯನಿಗೆ ಹಳೆಯ ಊರಿನಲ್ಲಿ ಉಳಿದದ್ದೇ ಈ ಮೈದಾನ ಮತ್ತು ಅದರ ಮಗ್ಗುಲಿನ ಅಂಗಡಿ.

"ಅವರನ್ನ ಕೇಳೀರೇನ್ರಿ?" ಎಂದರು ಚಾಚಾ.

"ಕೇಳೂದೇನೈತಿ ಚಾಚಾ, ಅವರ ಛಲೋದಕ್ಕ ಹೇಳಾಕತ್ತೇವಿ."

"ನಮಗೂ ಹಿಂಗ ಅಂದಿದ್ರು."

ಅಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ಮುಳುಗಡೆಯ ಮನೆಯವರೇ.

"ನವನಗರ ಕೆಟ್ಟದ್ದಂತ ನಾ ಹೇಳಾಂಗಿಲ್ಲ," ಎಂದು ಅವರೇ ಮುಂದುವರಿಸಿದರು. "ರಸ್ತೆ ಅಗಲ ಅದಾವ, ಗಾಳಿ ಬರತೈತಿ, ನನ್ನ ಮಕ್ಕಳು ಅಲ್ಲೇ ಸಾಲಿ ಕಲತ್ರು. ಆದ್ರ ಒಮ್ಮೆ, ಒಬ್ಬರರೆ ಬಂದು, ನಿಮಗ ಹೆಂಗ ಅನಸತೈತಿ ಅಂತ ಕೇಳಬೇಕಿತ್ತು. ಅದ ಇವತ್ತಿಗೂ ಹೋಗಿಲ್ಲ ನೋಡ್ರಿ ಎದಿಯಾಗಿಂದ."

ಆಮೇಲೆ ನಮ್ಮ ಮನೆಗಳ ಕಡೆ ತಿರುಗಿ ಕರೆದರು. ಅಪ್ಪ ಹೋದ, ಅವನ ಹಿಂದೆ ನಾನೂ ಹೋದೆ. ಅಧ್ಯಕ್ಷರು ಕೇಳಿದರು, ನೀವು ಏನಂತೀರಿ ಎಂದು. ಅಪ್ಪ ಟವೆಲ್ಲಿನ ತುದಿ ಹಿಂಡುತ್ತ ನಿಂತ. ಜೀವನದುದ್ದಕ್ಕೂ ಚೀಲ ಎತ್ತು, ಚೀಲ ಇಳಿಸು ಎಂದು ಹೇಳಿಸಿಕೊಂಡವನು ಅವನು. ನೀನು ಏನಂತೀ ಎಂದು ಅವನನ್ನು ಕೇಳಿದವರಿರಲಿಲ್ಲ. ಕೇಳಿದರೆ ಹೇಳುವುದಕ್ಕೂ ಅಭ್ಯಾಸ ಬೇಕಾಗುತ್ತದೆ.

ನಾನು ಹೇಳಿದೆ. ಕಾಲು ನಡುಗುತ್ತಿದ್ದವು, ಆದರೂ ಹೇಳಿದೆ. "ನಾವು ಹೋಗಾಂಗಿಲ್ರಿ. ಅವ್ವ ರೊಟ್ಟಿ ಕೊಡೂ ಖಾನಾವಳಿ ಎಲ್ಲಾ ಇಲ್ಲೇ ಅದಾವ. ಅಪ್ಪಗ ಮಾರ್ಕೆಟ್ ಇಲ್ಲೇ. ನಂದು ಇದು ಕಡೀ ವರ್ಷ. ಈಗ ಮನಿ ಕಿತ್ರ ನನ್ನ ಓದು ಅಲ್ಲಿಗೇ ಮುಗದಾಂಗ."

ಅಷ್ಟೇ ನನ್ನ ಭಾಷಣ. ನಮ್ಮ ಮನೆತನದಲ್ಲಿ ಒಂದು ಸಭೆಯಲ್ಲಿ ಬಾಯಿ ಬಿಟ್ಟವರಲ್ಲಿ ನಾನೇ ಮೊದಲನೆಯವಳು.

"ಕೇಳಿದ್ರೆಲ್ಲ," ಎಂದರು ಚಾಚಾ. "ಗ್ರೌಂಡ್ ಹಿಗ್ಗಸಾಕ ಇನ್ನೊಬ್ಬರ ಒಲಿ ಆರಸೂದು ಬ್ಯಾಡ. ನಾವ ಎದ್ದ ಹೋಗೂಣು."

ತಂಡದ ಒಬ್ಬ ಹುಡುಗ ತಡೆಯಲಾರದೆ ಅಂದ, "ಹೌದ್ರಿ ಚಾಚಾ, ನಿಮ್ಮ ಮನಿ ನವನಗರದಾಗನ ಐತಿ. ನಿಮಗೇನು, ಹತ್ರ ಆಕ್ಕೈತಿ."

ಎಲ್ಲರೂ ಚಾಚಾನ ಮುಖ ನೋಡಿದರು. ಅವರು ಸಿಟ್ಟಾಗಲಿಲ್ಲ. "ಖರೆ ಐತಿ. ಹತ್ರ ಆಕ್ಕೈತಿ. ಮುದುಕ ಆಗೇನಿ, ಹತ್ರ ಆದ್ರ ಛಲೋನ ಅಲ್ಲೇನು?"

"ಮತ್ತ ಹಳೀ ಊರಾಗಿನ ನಾವು ಹೆಂಗ ಬರಬೇಕ್ರಿ?"

"ಸೈಕಲ್ ಮ್ಯಾಲ."

"ಯಾರ ಸೈಕಲ್?"

"ನನ್ನವು. ಗ್ವಾಡಿಗೆ ಆತು ನಿಂತ ನಿಂತ ಅವಕ್ಕೂ ಕಾಲು ಹಿಡದಾವ."

ನಿಜವಾಗಿಯೂ ಅಂಗಡಿಯ ಹಿಂದೆ ಅವರ ಬಾಡಿಗೆ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಮನೆಮನೆಗೆ ಮೋಟರ್ ಸೈಕಲ್ ಬಂದ ಮೇಲೆ ತಾಸಿಗಿಷ್ಟು ಎಂದು ಸೈಕಲ್ ಒಯ್ಯುವವರು ಯಾರೂ ಉಳಿದಿರಲಿಲ್ಲ. ಜನ ನಕ್ಕರು. ನಕ್ಕ ಮೇಲೆ ಕೈ ಎತ್ತಿಸಿದರು. ಹೊಸ ಜಾಗದ ಕಡೆಗೆ ಎದ್ದ ಕೈಗಳು ಸ್ವಲ್ಪವೇ ಹೆಚ್ಚು. ಅಧ್ಯಕ್ಷರ ಕೈ ಕೊನೆಗೆ ಎದ್ದಿತು.

ಕಂಟಿ ಕಡಿದು, ಕಲ್ಲು ಆರಿಸಿ, ಮೊರಮು ಮಣ್ಣು ಹರಡಿ ಹೊಸ ಮೈದಾನ ತಯಾರಾಗಲು ಆ ಚಳಿಗಾಲವೆಲ್ಲ ಹಿಡಿಯಿತು. ಸುಣ್ಣದ ಗೆರೆ ಹಾಕುವ ದಿನ ಚಾಚಾ ತಾವೇ ಹಗ್ಗ ಹಿಡಿದು ಮುಂದೆ ನಡೆದರು. ನಾವು ಹಿಂದಿನಿಂದ ಸುಣ್ಣ ಉದುರಿಸುತ್ತ ಹೋದೆವು. ಮುಗಿಯುವ ಹೊತ್ತಿಗೆ ಅಧ್ಯಕ್ಷರು ಬಂದರು, ಒಂದು ಸುತ್ತು ತಿರುಗಿದರು, ಒಂದು ಮೂಲೆಯಲ್ಲಿ ನಿಂತುಬಿಟ್ಟರು.

"ಚಾಚಾ, ಇಲ್ಲೆ ಬೇವಿನ ಗಿಡಾ ಎಲ್ಲೈತ್ರಿ?"

ನೋಡಿದರೆ ಆ ಮೂಲೆಯಲ್ಲಿ ಗೆರೆ ಒಳಕ್ಕೆ ಬಾಗಿತ್ತು. ಹಳೆಯ ಮೈದಾನದಲ್ಲಿ ಬಾಗುತ್ತಿದ್ದ ಹಾಗೆಯೇ. ಸುತ್ತ ಬಯಲು, ಒಂದು ಕಡ್ಡಿಯ ನೆರಳೂ ಇಲ್ಲ, ಆದರೂ ಹಗ್ಗ ಹಿಡಿದ ಚಾಚಾ ಇಲ್ಲದ ಗಿಡವನ್ನು ಬಳಸಿ ನಡೆದಿದ್ದರು. ಹಿಂದೆ ಹೋದ ನಮ್ಮಲ್ಲಿ ಒಬ್ಬರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಚಾಚಾ ಗೆರೆ ನೋಡಿದರು, ನಮ್ಮನ್ನು ನೋಡಿದರು, ಅಲ್ಲೇ ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನಮ್ಮ ಮನಿ ಬಾಗಿಲಾನೂ ಹಿಂಗ ಆಗೈತ್ರಿ," ಎಂದರು ಒರೆಸಿಕೊಳ್ಳುತ್ತ. "ಮುಳುಗೂ ಮನಿ ಚೌಕಟ್ಟು ಕಿತಗೊಂಡ ಬಂದು ಹೊಸಾ ಮನಿಗೆ ಹಚ್ಚೇನಿ. ಮನಿ ಎತ್ತರ, ಬಾಗಿಲಾ ಗಿಡ್ಡ. ಮಕ್ಕಳು, ಮೊಮ್ಮಕ್ಕಳು ಎಲ್ಲಾರೂ ಹಣಿ ಬಡಕೊಂತಾರ, ನನಗ ಬೈತಾರ. ಈ ಹುಡುಗ್ರಿಗೂ ಅದನ್ನ ಮಾಡಾಂವ ಇದ್ದೆ ನೋಡ್ರಿ."

ಒಬ್ಬ ಹುಡುಗ, ಆ ಮೂಲೆಗೆ ಒಂದು ಬೇವಿನ ಸಸಿ ಹಚ್ಚೋಣ ಎಂದ.

"ಹಚ್ಚಲೇ, ಬ್ಯಾಡ ಅಂದಾರ್‍ಯಾರು? ಗೆರಿ ಹೊರಗ ಹಚ್ಚು."

ಗೆರೆ ಅಳಿಸಿ ನೆಟ್ಟಗೆ ಹಾಕಿದೆವು.

ಅಂದಿನಿಂದ ಸಂಜೆಯಾದರೆ ಹಳೆಯ ಊರಿನಿಂದ ನವನಗರಕ್ಕೆ ಸೈಕಲ್ಲುಗಳ ಸಾಲು. ಮುಂದೆ ಚಾಚಾ, ಹಿಂದೆ ನಾವು, ಒಂದೊಂದರ ಮೇಲೆ ಇಬ್ಬಿಬ್ಬರು. ಅಂಗಡಿಯನ್ನು ಅವರು ಮೊದಲಿಗಿಂತ ಬೇಗ ಮುಚ್ಚಬೇಕಾಗುತ್ತಿತ್ತು. ಗಿರಾಕಿಗಳು ಗೊಣಗಿದರೆ "ನಾಳೆ ಮುಂಜಾನೆ ಬರ್ರಿ, ಗಾಳಿ ಎಲ್ಲೂ ಓಡಿ ಹೋಗಾಂಗಿಲ್ಲ" ಎನ್ನುತ್ತಿದ್ದರು. ಅವರ ಸೈಕಲ್ಲುಗಳಲ್ಲಿ ಒಂದನ್ನು ನಾನು ಕಾಲೇಜಿಗೂ ಒಯ್ದೆ. ಬ್ರೇಕು ಸರಿ ಇರಲಿಲ್ಲ, ಬೆಲ್ಲು ಬಿಟ್ಟು ಉಳಿದದ್ದೆಲ್ಲ ಸಪ್ಪಳ ಮಾಡುತ್ತಿತ್ತು. ಆದರೆ ಪರೀಕ್ಷೆಗೆ ಒಂದು ದಿನವೂ ತಡ ಮಾಡಲಿಲ್ಲ.

ನಾನು ಪಾಸಾದೆ. ನಮ್ಮ ಮನೆಯಲ್ಲಿ ಹತ್ತನೆಯ ಇಯತ್ತೆಯ ಮುಖ ನೋಡಿದವರೇ ಇರಲಿಲ್ಲ, ನಾನು ಡಿಗ್ರಿ ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಪಡೆದದ್ದು. ಫಲಿತಾಂಶ ಹೇಳಲು ಅಂಗಡಿಗೆ ಹೋದಾಗ ಚಾಚಾ ಪಂಚರು ತೆಗೆಯುತ್ತಿದ್ದರು. ಕೈ ಒರೆಸಿಕೊಂಡು ನನ್ನ ತಲೆಯ ಮೇಲೆ ಇಟ್ಟರು. ಪಂಚರಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ಕೂದಲಿಗೆ ಹತ್ತಿತು. "ಇನ್ನ ನಿನ್ನ ಯಾರರೆ ಏನರೆ ಕೇಳಿದ್ರ, ಕಾಲು ನಡಗಸಬ್ಯಾಡ," ಎಂದರು. ಅಂದು ಸಭೆಯಲ್ಲಿ ನನ್ನ ಕಾಲು ನಡುಗಿದ್ದನ್ನು ಅವರು ನೋಡಿದ್ದರು.

ಆಮೇಲೆ ನಾನು ದೈಹಿಕ ಶಿಕ್ಷಣದ ಕೋರ್ಸು ಮಾಡಿದೆ. ಈಗ ಕಮತಗಿಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ, ರವಿವಾರ ಹೊಸ ಮೈದಾನದಲ್ಲಿ ಹುಡುಗಿಯರ ತಂಡ ನೋಡಿಕೊಳ್ಳುತ್ತೇನೆ. ಹುನಗುಂದ, ಬಾದಾಮಿ, ಇಳಕಲ್ಲಿನಿಂದ ತಂಡಗಳು ಬಂದು ಆಡುತ್ತವೆ. ಇಳಕಲ್ಲಿನ ನೇಕಾರರ ಮನೆಯ ಹುಡುಗಿಯರು ಬಂದರೆ ನಮ್ಮವರಿಗೆ ಬೆವರಿಳಿಯುತ್ತದೆ. ಹಳೆಯ ಮೈದಾನ ಸಣ್ಣ ಮಕ್ಕಳಿಗೆ ಉಳಿದಿದೆ. ನಮ್ಮ ನಾಲ್ಕು ಮನೆಗಳು ಅಲ್ಲೇ ಇವೆ. ಹೋದ ವರ್ಷ ನಮಗೆಲ್ಲ ಹಕ್ಕುಪತ್ರ ಸಿಕ್ಕಿತು. ಅವ್ವ ಮನೆಗೆ ಸುಣ್ಣ ಬಳಿಸಿದಳು.

ಚಾಚಾ ತೀರಿಕೊಂಡದ್ದು ಈ ಚಳಿಗಾಲದಲ್ಲಿ. ಹಿಂದಿನ ದಿನ ಸಂಜೆಯೂ ಮೈದಾನಕ್ಕೆ ಬಂದು, ಹುಡುಗಿಯರಿಗೆ ಎಡಗಾಲಿನಿಂದ ಒದೆಯುವುದನ್ನು ಕಲಿಸಿ ಹೋಗಿದ್ದರು. ಮಣ್ಣಿಗೆ ಎರಡೂ ಊರಿನ ಜನ ಸೇರಿದ್ದರು.

ಕೆಲವು ದಿನ ಬಿಟ್ಟು ಅವ್ವನನ್ನು ಕರೆದುಕೊಂಡು ಚಾಚಾನ ಹೆಂಡತಿ ಚಾಚಿಯನ್ನು ನೋಡಲು ಹೋದೆ. ಅವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. "ನಮ್ಮ ಸಲುವಾಗಿ ಅಣ್ಣಾರು ತಮ್ಮ ಗ್ರೌಂಡ್ ಬಿಟ್ರು. ಆ ದಿನ ಎಷ್ಟು ಸಂಕಟ ಆಗಿತ್ತೋ ಏನೋ," ಎಂದಳು.

ಚಾಚಿ ನೆನಪು ಮಾಡಿಕೊಂಡರು. "ಆ ರವಿವಾರ ಮನಿಗೆ ಬಂದು ಕಟ್ಟಿ ಮ್ಯಾಲೆ ಕೂತ್ರು. ಏನಾತ್ರಿ ಅಂತ ಕೇಳಿದೆ. ಇವತ್ತ ಎರಡನೇ ಸಲ ಹಳೀ ಊರು ಬಿಟ್ಟೆ ಅಂದ್ರು. ಮೊದಲನೇ ಸಲ ಬಿಟ್ಟಾಗ ಎಷ್ಟೋ ದಿನ ಅನ್ನ ಮುಟ್ಟಿದ್ದಿಲ್ಲ ಅವರು. ಮತ್ತ ಹಂಗ ಮಾಡ್ತಾರೇನೋ ಅಂತ ನನಗ ಅಂಜಿಕಿ ಆತು. ಆಮ್ಯಾಲೆ ಅವರ ಅಂದ್ರು, ಈ ಸಲ ಯಾರೂ ಬಿಡಸಲಿಲ್ಲ, ನಾನ ಬಿಟ್ಟೆ ಅಂತ."

"ಉಂಡ್ರೇನ್ರಿ ಚಾಚಿ ಅವತ್ತ?" ಎಂದು ನಾನು ಕೇಳಿದೆ.

"ಉಂಡ್ರಲ್ಲ ಬೇಟಿ," ಎಂದರು ಚಾಚಿ. "ಒಂದ ರೊಟ್ಟಿ ಹೆಚ್ಚಿಗೇನ ಹಾಕಿಸ್ಕೊಂಡ್ರು."