ರಸ್ತೆಯಲ್ಲಿ ಬಿಟ್ಟುಹೋದ ಕಲ್ಲು

2018ರಲ್ಲಿ ನಾನು ಪಾಂಡವಪುರದ ಪದವಿ ಕಾಲೇಜೊಂದರಲ್ಲಿ ತತ್ವಶಾಸ್ತ್ರದ ಅಧ್ಯಾಪಕಿಯಾಗಿದ್ದೆ. ಅದಕ್ಕೆ ಮೊದಲು ಕೆ.ಆರ್. ಪೇಟೆಯಲ್ಲಿ, ಆಮೇಲೆ ನಾಗಮಂಗಲದಲ್ಲಿ ಇದೇ ವಿಷಯ ಕಲಿಸಿದ್ದೆ. ಎಲ್ಲ ಕಡೆಯೂ ನನ್ನ ತರಗತಿಗೆ ಬಂದು ಕೂರುತ್ತಿದ್ದವರು ಬೇರೆ ವಿಷಯದಲ್ಲಿ ಸೀಟು ಸಿಗದ ಮಕ್ಕಳೇ. ಸ್ಟಾಫ್ ರೂಮಿನಲ್ಲಿ ಕಾಮರ್ಸ್ ವಿಭಾಗದವರು, "ಏನ್ ಮೇಡಂ, ಇವತ್ತಾದ್ರೂ ಆತ್ಮ ಸಿಕ್ತಾ?" ಎಂದು ಛೇಡಿಸುತ್ತಿದ್ದರು. ಸಿಕ್ಕರೆ ಮೊದಲು ನಿಮಗೇ ಕೊಡುತ್ತೇನೆ, ಕಳೆದುಕೊಂಡವರು ನೀವು ತಾನೆ ಎನ್ನುತ್ತಿದ್ದೆ. ಬಾಯಿ ಕಟ್ಟಿಕೊಂಡು ಕೂರುವ ಜಾಯಮಾನ ನನ್ನದಲ್ಲ.

ಆ ವರ್ಷ ಡಿಸೆಂಬರಿನಲ್ಲಿ ನೀತಿಶಾಸ್ತ್ರದ ಪೇಪರ್ ನಡೆಯುತ್ತಿತ್ತು. ಯಾವುದು ಸರಿ, ಯಾವುದು ತಪ್ಪು, ಅದನ್ನು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ ಎಂದು ವಿಚಾರಿಸುವ ಶಾಸ್ತ್ರ ಅದು. ವಿಷದ ಬಟ್ಟಲು ಕುಡಿದ ಗ್ರೀಕ್ ತತ್ವಜ್ಞಾನಿಯ ಪಾಠ ಬಂತು. ಅನ್ಯಾಯಕ್ಕೆ ಒಳಗಾದವನಿಗಿಂತ ಅನ್ಯಾಯ ಮಾಡಿ ಅದನ್ನು ಮುಚ್ಚಿಟ್ಟವನ ಸ್ಥಿತಿಯೇ ಹೆಚ್ಚು ಕೆಟ್ಟದ್ದು ಎಂಬುದು ಆತನ ವಾದ. ಇದು ಹತ್ತು ಅಂಕದ ಪ್ರಶ್ನೆಯಾಗಿ ಬರಬಹುದು, ಬರೆದುಕೊಳ್ಳಿ ಎಂದೆ. ಎಲ್ಲರೂ ಬರೆದುಕೊಂಡರು. ಮಂಗಳಾ ಮಾತ್ರ ಪೆನ್ನು ಕೆಳಗಿಟ್ಟು ಕೂತಿದ್ದಳು.

ಮಂಗಳಾ ಪಾಲಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಗದ್ದೆ, ಹಸು, ಟ್ರಾಕ್ಟರು ಇದ್ದ ಒಕ್ಕಲು ಮನೆಯವಳು. ಅವತ್ತು ಎಲ್ಲರೂ ಹೋದ ಮೇಲೂ ಬಾಗಿಲ ಹತ್ತಿರ ನಿಂತೇ ಇದ್ದಳು.

"ಮೇಡಂ, ಅವ್ರು ಹೇಳಿದ್ದು ಪರೀಕ್ಷೆಗೋ, ಬದುಕಕ್ಕೋ?" ಎಂದು ಕೇಳಿದಳು.

ಇಷ್ಟು ವರ್ಷದ ಸರ್ವೀಸಿನಲ್ಲಿ ಯಾರೂ ಕೇಳಿರಲಿಲ್ಲ. ಬದುಕುವುದಕ್ಕೇ ಕಣಮ್ಮ ಎಂದೆ. ಅಷ್ಟಕ್ಕೇ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಕೂರಿಸಿ, ನೀರು ಕೊಟ್ಟು, ಒಂದೊಂದಾಗಿ ಕೇಳಿ ತಿಳಿದೆ.

ನಮ್ಮ ಕಡೆ ಕಬ್ಬು ಕಡಿಯುವ ಕಾಲದಲ್ಲಿ ರಸ್ತೆಯ ತುಂಬ ಟ್ರಾಕ್ಟರುಗಳೇ. ಒಂದು ಕೆಟ್ಟು ನಿಂತರೆ ಹಿಂದಿನಿಂದ ಬರುವವರು ಗುದ್ದದಿರಲಿ ಎಂದು ಸುತ್ತ ದಪ್ಪ ಕಲ್ಲುಗಳನ್ನು ಇಡುತ್ತಾರೆ. ರಿಪೇರಿ ಮುಗಿಯುತ್ತಲೇ ಟ್ರಾಕ್ಟರು ಹೊರಟುಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಯಾರೂ ಇದನ್ನು ತಪ್ಪು ಎಂದುಕೊಳ್ಳುವುದಿಲ್ಲ. ಮೂರು ತಿಂಗಳ ಹಿಂದೆ ಮಂಗಳಾಳ ಅಪ್ಪ ಪುಟ್ಟಸ್ವಾಮಿಯವರ ಟ್ರಾಕ್ಟರು ಪಂಕ್ಚರ್ ಆಗಿ ನಿಂತಿತ್ತು. ಊಟ ಕೊಡಲು ಹೋಗಿದ್ದ ಮಂಗಳಾ ತಾನೇ ಒಂದು ಕಲ್ಲನ್ನು ಉರುಳಿಸಿಕೊಂಡು ಬಂದು ಇಟ್ಟಿದ್ದಳು. ಟೈರು ಹಾಕಿದರು, ಸಕ್ಕರೆ ಕಾರ್ಖಾನೆಯಲ್ಲಿ ಸರದಿ ತಪ್ಪೀತೆಂಬ ಅವಸರದಲ್ಲಿ ಅಪ್ಪ ಮಗಳು ಇಬ್ಬರೂ ಹಿಂದಿರುಗಿ ನೋಡಲಿಲ್ಲ.

ಅದೇ ಊರಿನ ಶಿವಣ್ಣ ಡೈರಿಯಲ್ಲಿ ಹಾಲು ಅಳೆಯುವವನು. ಅದೇ ದಿನ ಸಂಜೆ ಕೆಲಸ ಮುಗಿಸಿ ಮೊಪೆಡ್ಡಿನಲ್ಲಿ ಬರುತ್ತಿದ್ದಾಗ ಆ ಕಲ್ಲಿಗೆ ಹೊಡೆದು ಬಿದ್ದು ಸತ್ತ. ಅಲ್ಲಿಗೆ ಮೊದಲು ತಲುಪಿದವರು ಕಾರ್ಖಾನೆಯಿಂದ ಮರಳುತ್ತಿದ್ದ ಪುಟ್ಟಸ್ವಾಮಿಯೇ. ಕಲ್ಲುಗಳನ್ನು ರಸ್ತೆ ಪಕ್ಕದ ನಾಲೆಗೆ ತಳ್ಳಿ, ಆಮೇಲೆ ಊರವರನ್ನು ಕೂಗಿದರು. ಶಿವಣ್ಣ ಹಿಂದೆ ಕುಡಿಯುತ್ತಿದ್ದವನು. ವರ್ಷದ ಹಿಂದೆ ಮೇಲುಕೋಟೆಯಲ್ಲಿ ಹೆಂಡತಿ ಜಯಮ್ಮನ ಕೈಮೇಲೆ ಕೈಯಿಟ್ಟು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ. ಸತ್ತ ದಿನ ಊರೆಲ್ಲ, ಕುಡಿದು ಬಿದ್ದ ಎಂದಿತು. ಪೊಲೀಸು ಕೇಸು ಯಾಕೆ ಎಂದು ನೆಂಟರು ಬೇಗ ಬೇಗ ಮಣ್ಣು ಮಾಡಿದರು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಪುಟ್ಟಸ್ವಾಮಿಯೂ ಒಬ್ಬರು.

"ಜಯಕ್ಕ ನಮ್ಮನೆ ಮುಂದೇನೇ ನೀರಿಗೆ ಹೋಗ್ತಾರೆ ಮೇಡಂ. ಮುಖ ನೋಡಕಾಗಲ್ಲ," ಎಂದಳು ಮಂಗಳಾ.

ಅಪ್ಪನನ್ನು ಕರೆದುಕೊಂಡು ಬಾ ಎಂದೆ. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಆದರೆ ಎರಡೇ ದಿನಕ್ಕೆ ಮಗಳ ಜೊತೆ ಬಂದರು. ಎತ್ತರದ ಆಳು, ಕುರ್ಚಿ ಕೊಟ್ಟರೂ ಕೂರಲಿಲ್ಲ. ನಾನು ಅಧ್ಯಾಪಕಿಯ ಧಾಟಿಯಲ್ಲಿ ಏನೇನೋ ಹೇಳಿದೆ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು.

"ಕಲ್ಲು ಮಡಗಿದ್ದು ಜನ ಉಳ್ಕೊಳ್ಲಿ ಅಂತ ಕಣವ್ವ. ಸಾಯಿಸಕ್ಕಲ್ಲ," ಎಂದರು.

ಇಟ್ಟದ್ದು ಸರಿ, ತೆಗೆಯಲಿಲ್ಲವಲ್ಲ ಎಂದೆ. ಊರಲ್ಲಿ ಯಾರು ತೆಗೆಯುತ್ತಾರೆ ಎಂದರು. ನಾನೂ ಅಂಥ ಎಷ್ಟೋ ಕಲ್ಲುಗಳನ್ನು ಬೈದುಕೊಳ್ಳುತ್ತಾ ಬಳಸಿಕೊಂಡು ಹೋದವಳೇ. ಗ್ರೀಸಿನವನ ವಾದವೆಲ್ಲ ಅಲ್ಲಿಗೇ ಸೋತಿತು. ಆಗ ಮಂಗಳಾ ಬಾಯಿ ತೆಗೆದಳು.

"ಅಪ್ಪಾ, ವರ್ಷಾವರ್ಷ ಮೇಲುಕೋಟೆ ಬೆಟ್ಟಕ್ಕೆ ಹೋಗಿ ಆಚಾರ್ಯರಿಗೆ ಕೈ ಮುಗೀತೀಯ. ಮಂತ್ರಾನ ಬೇರೆಯೋರಿಗೆ ಹೇಳಿದ್ರೆ ನರಕ ಅಂತ ಗುರುಗಳು ಅಂದ್ರೂ, ಎಲ್ಲಾರ್ಗೂ ಒಳ್ಳೇದಾಗ್ಲಿ, ನಂಗೆ ನರಕ ಬಂದ್ರೆ ಬರ್ಲಿ ಅಂತ ಗೋಪುರ ಹತ್ತಿ ಕೂಗ್ದೋರು ಅವ್ರು. ನೀನೇ ನಂಗೆ ಹೇಳ್ಕೊಟ್ಟಿದ್ದು. ನಾವು ಒಂದ್ ಮನೆ ಬಾಗ್ಲಲ್ಲಿ ನಿಂತು ಹೇಳಕಾಗಲ್ವಾ?"

ಪುಟ್ಟಸ್ವಾಮಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ, ನೀವೂ ಬನ್ನಿ ತಾಯಿ, ಒಬ್ಬನೇ ಹೋದರೆ ಅರ್ಧ ದಾರಿಯಲ್ಲೇ ಹಿಂದಕ್ಕೆ ಬಂದುಬಿಡುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆ ಮೂವರೂ ಹೋದೆವು. ಜಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಮಂಗಳಾಳ ಮೇಡಂ ಎಂದು ತಿಳಿದು ಚಾಪೆ ಹಾಸಿದಳು, ಕಾಫಿಗೆ ಎದ್ದಳು. ಪುಟ್ಟಸ್ವಾಮಿ ಕೂರದೆ ನಿಂತಲ್ಲೇ ಹೇಳಿಬಿಟ್ಟರು. ಕಲ್ಲು, ಪಂಕ್ಚರ್, ನಾಲೆ, ಒಂದನ್ನೂ ಬಿಡಲಿಲ್ಲ. ಶಿವಣ್ಣನನ್ನು ಎತ್ತಿದವನು ತಾನೇ, ಅವನ ಬಾಯಲ್ಲಿ ಹೆಂಡದ ವಾಸನೆ ಇರಲೇ ಇಲ್ಲ ಎಂದರು.

ಆಕೆ ಕಿರುಚುತ್ತಾಳೆ, ಮಣ್ಣು ತೂರಿ ಶಪಿಸುತ್ತಾಳೆ ಎಂದು ನಾನು ಅಂಜಿದ್ದೆ. ಅವಳು ಮತ್ತೆ ಕೂತು, ಒಂದು ಕಾಯನ್ನು ಸುಲಿದು, ಕಾಳನ್ನು ಮೊರಕ್ಕೆ ಹಾಕಿದಳು.

"ಕುಡ್ದಿರ್ಲಿಲ್ವಾ?" ಎಂದಳು.

"ಇಲ್ಲ ಕಣವ್ವ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಆಣೆ ಮುರುದ್ಬುಟ್ಟ ಅಂತ ಹಾಲು ತುಪ್ಪಕ್ಕೂ ನಾನು ಹೋಗ್ಲಿಲ್ಲ ಅಣ್ಣ. ಮೂರು ತಿಂಗ್ಳಿಂದ ಸತ್ತೋರ್ನ ಬಯ್ಕೊಂಡು ಕುಂತಿವ್ನಿ. ಅವತ್ತೇ ಹೇಳಿದ್ರೆ ಅತ್ತು ಕಳುಸ್ತಿದ್ದೆ."

ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಯ ಮೇಲೆ ಹಾಲು, ತುಪ್ಪ ಬಿಡುವುದು ನಮ್ಮ ಕಡೆಯ ಪದ್ಧತಿ. ದಿನವೂ ಊರಿನ ಹಾಲನ್ನೆಲ್ಲ ಅಳೆದವನಿಗೆ ಹೆಂಡತಿಯ ಕೈಯ ಹಾಲು ಸಿಕ್ಕಿರಲಿಲ್ಲ. ಜಯಮ್ಮ ಒಳಗೆ ಹೋಗಿ ಚೊಂಬಿನಲ್ಲಿ ಹಾಲು ತಂದಳು. ಯಾರನ್ನೂ ಕರೆಯದೆ ಹೊಲದ ಕಡೆ ನಡೆದಳು. ನಾವು ಹಿಂದೆ ಹೋದೆವು. ಗುಡ್ಡೆ ಆಗಲೇ ತಗ್ಗಿ ಗರಿಕೆ ಹಬ್ಬಿತ್ತು. ತಲೆ ಯಾವ ಕಡೆ ಎಂದು ಅವಳಿಗೆ ಗೊತ್ತಾಗಲಿಲ್ಲ, ಮಣ್ಣು ಮಾಡುವಾಗ ಹತ್ತಿರ ಬಂದಿದ್ದರೆ ತಾನೆ? ಪುಟ್ಟಸ್ವಾಮಿ ಬಗ್ಗಿ, ಈ ಕಡೆ ಎಂದು ಕೈ ತೋರಿಸಿದರು. ಅಲ್ಲಿ ಹಾಲು ಬಿಟ್ಟು, ಮಣ್ಣಿಗೆ ಕೆನ್ನೆ ಇಟ್ಟು ಅವಳು ಅತ್ತ ಅಳುವನ್ನು ನಾನು ಬರೆಯಲಾರೆ. ನನ್ನ ಕಣ್ಣೀರೂ ನಿಲ್ಲಲಿಲ್ಲ.

ಮರುದಿನ ಪುಟ್ಟಸ್ವಾಮಿ ತಾವಾಗಿಯೇ ಪೊಲೀಸ್ ಠಾಣೆಗೆ ಹೋದರು. ಕೇಸು ನಡೆಯಿತು, ಶ್ರೀರಂಗಪಟ್ಟಣದ ಕೋರ್ಟಿಗೆ ಅಲೆದರು. ಮಂಗಳಾ ಆ ಪೇಪರಿನಲ್ಲಿ ಗ್ರೀಕ್ ತತ್ವಜ್ಞಾನಿಯ ಪ್ರಶ್ನೆ ಬಂದರೂ ಬರೆಯಲಿಲ್ಲ, ಚಾಯ್ಸಿನಲ್ಲಿ ಬಿಟ್ಟೆ ಎಂದಳು.

ನಿವೃತ್ತಿಯವರೆಗೂ ಆ ಪಾಠ ಮಾಡಿದೆ. ಸತ್ಯ ಹೇಳಬೇಕು ಏಕೆ ಎಂಬುದಕ್ಕೆ ತತ್ವಜ್ಞಾನಿಗಳು ಕೊಟ್ಟ ಕಾರಣಗಳನ್ನೆಲ್ಲ ಹೇಳಿ, ಕೊನೆಗೆ ಸಿಲಬಸ್ಸಿನಲ್ಲಿ ಇಲ್ಲದ ಒಂದು ಮಾತು ಸೇರಿಸುತ್ತಿದ್ದೆ: ಹೇಳುವುದಿದ್ದರೆ ಮೂರನೆಯ ದಿನದೊಳಗೆ ಹೇಳಿ, ಹಾಲು ತುಪ್ಪಕ್ಕೆ ಮೊದಲು. ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಪರೀಕ್ಷೆಗೆ ಬರುತ್ತದಾ ಮೇಡಂ ಎಂದು ಕೇಳುತ್ತಿದ್ದರು. ಬರುತ್ತದೆ, ಬರೆದುಕೊಳ್ಳಿ ಎನ್ನುತ್ತಿದ್ದೆ.