ಬೀಗಿತ್ತಿಯ ಮನೆಯಲ್ಲಿ ಕ್ಯಾಕರಿಸಿದ್ದು

ಫಕ್ರುನ್ನೀಸಾ ಖಾಲಾ ಅವರಿಗೆ ಎಂಜಲು ಕೊಟ್ಟು ಕಫ ಎಂದು ನಂಬಿಸಿದವರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ. ಪರೀಕ್ಷೆಗೆ ತಂದ ಡಬ್ಬಿಯನ್ನು ಬೆಳಕಿಗೆ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. ನೊರೆ ನೊರೆಯಾಗಿ ನೀರಿನಂತಿದ್ದರೆ ಮುಗಿಯಿತು, ಕೊಟ್ಟವನು ಎಂಥ ದೊಡ್ಡ ಮನುಷ್ಯನಾದರೂ ಸರಿ, ಕೈಗೆ ಬೇರೆ ಡಬ್ಬಿ ತುರುಕಿ ವಾಪಸು ಕಳಿಸುತ್ತಾರೆ. ನಾನು ಲ್ಯಾಬ್ ಟೆಕ್ನೀಷಿಯನ್ ಚೈತ್ರಾ, ಹರಿಹರದವಳು. ಊರವರ ಕಫ ನೋಡಿ ಹೊಟ್ಟೆ ಹೊರೆಯುವವಳು ಎಂದು ನಮ್ಮಣ್ಣ ಛೇಡಿಸುತ್ತಾನೆ. ಆ ಕಫ ನನ್ನ ಮೇಜಿಗೆ ಸರಿಯಾಗಿ ಬಂದು ತಲುಪುತ್ತದೆಂದರೆ ಅದಕ್ಕೆ ಎಲ್ಲರಿಗೂ ಚಿಕ್ಕಮ್ಮನಂತಿರುವ ಈ ಖಾಲಾ ಕಾರಣ.

ಅವರ ಗಂಡ ಶಬ್ಬೀರ್ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುತ್ತಿದ್ದರು. ಆ ಓಣಿಯ ಹೊಗೆಯಲ್ಲಿ ಕೆಮ್ಮದವರೇ ಇಲ್ಲ. ಎಲ್ಲ ಕೆಮ್ಮಿಗೂ ಒಂದೇ ಹೆಸರು, ಭಟ್ಟಿ ಕೆಮ್ಮು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೊಂದೇ ಪರೀಕ್ಷೆಯಾಗಿದ್ದ ಕಾಲ ಅದು. ಶಬ್ಬೀರ್ ಕೊಟ್ಟಿದ್ದು ಬರೀ ಎಂಜಲು, ಪ್ರತಿ ಸಲವೂ ಏನೂ ಇಲ್ಲ ಎಂದೇ ಬಂತು. ಟಿಬಿ ಎಂದು ಗೊತ್ತಾಗುವ ಹೊತ್ತಿಗೆ ಅವರ ಎದೆಯಲ್ಲಿ ಉಳಿದದ್ದೇ ಕಡಿಮೆ. ಅವರನ್ನು ಮಣ್ಣು ಮಾಡಿದ ಮೇಲೆ ಖಾಲಾ ಮಂಡಕ್ಕಿ ಜರಡಿ ಹಿಡಿಯುವುದರ ಜೊತೆಗೆ ನಮ್ಮ ಟಿಬಿ ಕೆಲಸಕ್ಕೂ ಬಂದರು. ಕೆಮ್ಮು ಕೇಳಿಯೇ ಕಾಯಿಲೆ ಹೇಳುತ್ತೇನೆ ಎಂಬ ಜಂಬ ಅವರದು. ಎಷ್ಟೋ ಸಲ ಅದು ನಿಜವೂ ಆಗಿದೆ.

ಕಳೆದ ಚಳಿಗಾಲದಲ್ಲಿ ನಮ್ಮ ಕಾರ್ಯಕ್ರಮಕ್ಕೆ ಹೊಸ ಎಕ್ಸ್‌ರೇ ಯಂತ್ರ ಬಂತು. ಕ್ಯಾಮೆರಾದಂತೆ ಕೈಯಲ್ಲಿ ಹಿಡಿಯುವಂಥದ್ದು. ಓಣಿಯಲ್ಲೇ ನಿಲ್ಲಿಸಿ ಎದೆಯ ಚಿತ್ರ ತೆಗೆದರೆ ಕಂಪ್ಯೂಟರು ಅನುಮಾನದ ಜಾಗಕ್ಕೆ ಬಣ್ಣ ಬಳಿದು ತೋರಿಸುತ್ತದೆ. ಈಗ ಕೆಮ್ಮು ಇದ್ದವರನ್ನಷ್ಟೇ ಹುಡುಕುವುದಲ್ಲ, ಕೆಮ್ಮಿಲ್ಲದವರನ್ನೂ ನೋಡಬೇಕು. ಖಾಲಾಗೆ ಇದು ಸರಿಬರಲಿಲ್ಲ. ಕೆಮ್ಮಿಲ್ಲದ ಟಿಬಿ ಯಾವ ಸೀಮೆಯದು ಎಂದು ಗೊಣಗುತ್ತಲೇ ಮನೆ ಮನೆಗೆ ಹೋಗಿ ಹೆಂಗಸರನ್ನು ಕರೆದರು. ಯಾರೂ ಮುಂದೆ ಬರಲಿಲ್ಲ. ಹರಿಹರಕ್ಕೆ ಕೊಟ್ಟಿದ್ದ ಮಗಳು ಬುಷ್ರಾ ಆಗ ಸೊರಗಿ ಸಣ್ಣಗಾಗಿ ತವರಿಗೆ ಬಂದಿದ್ದಳು, ಕಂಕುಳಲ್ಲಿ ಹಲ್ಲು ಬರುತ್ತಿದ್ದ ಕೂಸು ನೌಮಾನ್. ಖಾಲಾ ಕೂಸನ್ನು ಎತ್ತಿಕೊಂಡು ಮಗಳನ್ನೇ ಯಂತ್ರದ ಮುಂದೆ ನಿಲ್ಲಿಸಿದರು. ನೋಡ್ರಿ, ನನ್ನ ಮಗಳಿಗೇ ತೆಗೆಸ್ತೀನಿ, ಏನೂ ಆಗಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಪರದೆಯ ಮೇಲೆ ಬುಷ್ರಾಳ ಎದೆಯ ಬಲಭಾಗ ಕೆಂಪಾಯಿತು.

ಓಣಿಯ ಹೆಂಗಸರು ನೋಡುತ್ತಿದ್ದರು. ಎಕ್ಸ್‌ರೇ ಬರೀ ಅನುಮಾನ ಹೇಳುತ್ತದೆ, ಖಾತ್ರಿ ಹೇಳುವುದು ಕಫ ಎಂದು ನಾನು ಬುಷ್ರಾಳಿಗೆ ಡಬ್ಬಿ ಕೊಟ್ಟೆ. ಅವಳು ಸೆರಗು ಮರೆ ಮಾಡಿಕೊಂಡು, ಸದ್ದೇ ಬರದ ಹಾಗೆ, ಬಾಯಲ್ಲಿದ್ದಷ್ಟನ್ನು ಬಿಟ್ಟು ಕೊಟ್ಟಳು. ನೀರಿನಂತಿತ್ತು, ಮೇಲೆ ನೊರೆ. ನಾನು ಖಾಲಾ ಮುಖ ನೋಡಿದೆ. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿಯಲಿಲ್ಲ, ಅಲ್ಲಾಡಿಸಲೂ ಇಲ್ಲ.

ನಮ್ಮ ಲ್ಯಾಬಿನಲ್ಲಿರುವುದು ಕಫದಲ್ಲಿ ರೋಗದ ಕ್ರಿಮಿಯ ಗುರುತನ್ನೇ ಹುಡುಕಿ ಅಂದೇ ಹೇಳುವ ಯಂತ್ರ. ಆದರೆ ಕೊಟ್ಟಿದ್ದನ್ನು ತಾನೇ ಅದು ನೋಡಬೇಕು? ನೆಗೆಟಿವ್ ಬಂತು. ಖಾಲಾ ಉಸಿರು ಬಿಟ್ಟು, ನಾನು ಇನ್ನೊಮ್ಮೆ ಕಫ ಕೇಳುವ ಮೊದಲೇ ಮಗಳನ್ನೂ ಕೂಸನ್ನೂ ಹರಿಹರದ ಬಸ್ಸು ಹತ್ತಿಸಿಬಿಟ್ಟರು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಬಂದರೆ ನನ್ನ ನಾಲಿಗೆ ನಿಲ್ಲುವುದಿಲ್ಲ, ಸೀದಾ ಭಟ್ಟಿಗೇ ಹೋದೆ.

ಖಾಲಾ ಜರಡಿಯಿಂದ ತಲೆ ಎತ್ತಲಿಲ್ಲ. "ಹೊಗಿಯಾಗೆ ಬೆಳೆದ ಹುಡುಗಿ. ಆ ಕೆಂಪು ಭಟ್ಟಿ ಹೊಗೀದೇ ಇರ್ತೈತೆ. ಕೆಮ್ಮೂ ಇಲ್ಲ ಅವಳಿಗೆ."

"ಸೊರಗಿದ್ದು?"

"ಬಾಣಂತಿ ಅಲ್ಲೇನು? ಬಿಟ್ಟುಬಿಡು ಚೈತ್ರಮ್ಮ. ಅತ್ತಿ ಮನಿಯಾಗೆ ಗೊತ್ತಾದ್ರೆ ಕೂಸು ಇಟ್ಕೊಂಡು ಇವಳನ್ನ ಹೊರಗೆ ಹಾಕ್ತಾರೆ."

ಆ ಹೆದರಿಕೆ ಸುಳ್ಳಲ್ಲ, ಹಾಗೆ ತವರಿಗೆ ಬಂದು ಬಿದ್ದವರನ್ನು ನಾನೂ ನೋಡಿದ್ದೇನೆ. ಆದರೆ ಕೂಸು ಅವಳ ಮಗ್ಗುಲಲ್ಲೇ ಮಲಗುತ್ತದೆ, ಅವಳ ಉಸಿರನ್ನೇ ಉಸಿರಾಡುತ್ತದೆ. ಕಾಯಿಲೆ ಇದ್ದರೆ ಕೂಸಿನ ಕಥೆ ಏನು? ಅದನ್ನೇ ಕೇಳಿದೆ. ಅವರು ಜರಡಿಯನ್ನು ಇನ್ನೂ ಜೋರಾಗಿ ಆಡಿಸಿದರು.

"ಶಬ್ಬೀರಣ್ಣನ ಡಬ್ಬೀನೂ ಹಿಂಗೇ ಇತ್ತು ಅಂತ ನೀವೇ ಹೇಳಿದ್ದು, ಖಾಲಾ," ಎಂದೆ.

ಜರಡಿ ನಿಂತಿತು. ಅವರ ಕಣ್ಣು ನೋಡಿದ ಮೇಲೆ ಅಲ್ಲಿ ನಿಲ್ಲಲು ನನಗೆ ಆಗಲಿಲ್ಲ, ಎದ್ದು ಬಂದೆ. ಮಾರನೇ ದಿನ ಬೆಳಿಗ್ಗೆ ಖಾಲಾ ಅವರ ಫೋನು ಬಂತು. ಬೀಗರ ಮನೆಗೆ ಬರುತ್ತಿದ್ದೇನೆ, ನೀನೂ ಒಂದು ಖಾಲಿ ಡಬ್ಬಿ ಹಿಡಿದು ಬಾ ಎಂದರು.

ಹರಿಹರದ ಆ ಮನೆಯಲ್ಲಿ ಬೀಗಿತ್ತಿ ರಹಮತ್‌ಬಿ ಚಹಾಕ್ಕೆ ಇಟ್ಟರು. ಖಾಲಾ ಚಹಾ ಮುಟ್ಟದೆ ಮಗಳನ್ನು ಹಿತ್ತಲಿಗೆ ಕರೆದರು. ಕೂಸನ್ನು ಎತ್ತಿಕೊಂಡ ರಹಮತ್‌ಬಿ ಅಡುಗೆಮನೆಯ ಬಾಗಿಲಲ್ಲೇ ನಿಂತರು. ದೀರ್ಘ ಉಸಿರೆಳೆದು, ತಡೆದು, ಎದೆಯಾಳದಿಂದ ಕೆಮ್ಮಿ ಕ್ಯಾಕರಿಸಬೇಕು ಎಂದು ನಾನು ಹೇಳಿಕೊಟ್ಟೆ. ಬುಷ್ರಾ ಉಸಿರೇನೋ ಎಳೆದಳು, ಗಂಟಲಲ್ಲಿ ಏನೋ ಬಂದದ್ದೂ ಕಾಣಿಸಿತು. ಅತ್ತೆಯನ್ನು ನೋಡಿದವಳೇ ನುಂಗಿಬಿಟ್ಟಳು. ಮತ್ತೆ ಪ್ರಯತ್ನ, ಮತ್ತೆ ನುಂಗಿದಳು.

ನನಗೆ ಆಗ ಹೊಳೆಯಿತು. ಈ ಹುಡುಗಿಗೆ ಕಫ ಇಲ್ಲವೆಂದಲ್ಲ, ಹುಟ್ಟಿದಾಗಿನಿಂದ ನುಂಗಿಯೇ ರೂಢಿ. ನಮ್ಮಲ್ಲಿ ಒಬ್ಬರ ಮುಂದೆ ಕ್ಯಾಕರಿಸಿದರೆ ಅವರ ಮುಖಕ್ಕೇ ಉಗಿದ ಹಾಗೆ. ಸೊಸೆಯಾದವಳು ಅತ್ತೆಯೆದುರು ಹೇಗೆ ಕ್ಯಾಕರಿಸಿಯಾಳು?

ಖಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಬೀಗಿತ್ತಿಯ ಹಿತ್ತಲಲ್ಲಿ, ಬೀಗಿತ್ತಿಯ ಎದುರಿಗೇ, ಪಕ್ಕದ ಮನೆಗೂ ಕೇಳುವಂತೆ ಕ್ಯಾಕರಿಸಿ ಉಗಿದರು. ರಹಮತ್‌ಬಿಯ ಮುಖ ಕಪ್ಪಿಟ್ಟಿತು.

"ಹೆಣ್ಣುಮಕ್ಕಳು ಸದ್ದು ಮಾಡಬಾರ್ದು ಅಂತ ನಿನಗೆ ಹೊಡೆದು ಕಲಿಸಿದಾಕಿ ನಾನು," ಎಂದರು ಮಗಳಿಗೆ. ಉರ್ದುವಿನಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಈಗ ನಾನೇ ಹೇಳ್ತೀನಿ, ಕ್ಯಾಕರಿಸು." ಆಮೇಲೆ ಬೀಗಿತ್ತಿಯ ಕಡೆ ತಿರುಗಿ, ಇವಳಿಗೆ ಟಿಬಿ ಇರಬಹುದು, ಮುಚ್ಚಿಡಬೇಕು ಅಂತಿದ್ದೆ, ಆಗಲಿಲ್ಲ ಎಂದರು.

ರಹಮತ್‌ಬಿ ಕೂಸನ್ನು ಎದೆಗವಚಿಕೊಂಡು ಒಳಗೆ ಹೋದರು. ಮುಂಬಾಗಿಲು ತೆಗೆದ ಸದ್ದಾಯಿತು. ಬುಷ್ರಾ ಅಳತೊಡಗಿದಳು. ಖಾಲಾ ತುಟಿ ಕಚ್ಚಿ ನಿಂತರು. ಸಂಸಾರ ಒಡೆದ ಪಾಪ ನನ್ನ ತಲೆಗೇ ಬಂತು ಎಂದುಕೊಂಡೆ.

ತುಸು ಹೊತ್ತಿಗೆ ರಹಮತ್‌ಬಿ ವಾಪಸು ಬಂದರು. ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದರು. ಕೈಯಲ್ಲಿ ಒಂದು ಬಕೆಟ್ ನೀರು. ಮುಖದ ಗಂಟು ಹಾಗೇ ಇತ್ತು.

"ನನ್ನ ಮೊಮ್ಮಗನ ಜೀವದ ಮಾತು. ಹಿತ್ತಲು ನಾನು ತೊಳ್ಕೊಂತೀನಿ, ನೀನು ಕ್ಯಾಕರಿಸು," ಎಂದರು ಸೊಸೆಗೆ.

ಬುಷ್ರಾ ಕಣ್ಣು ಮುಚ್ಚಿ ಕೆಮ್ಮಿದಳು. ಎದೆಯಾಳದಿಂದ ಎದ್ದ ಸದ್ದು ಅದು. ಡಬ್ಬಿಗೆ ಬಿದ್ದದ್ದು ಹಳದಿಯಾಗಿ, ಗಟ್ಟಿಯಾಗಿತ್ತು. ಖಾಲಾ ಅದನ್ನು ಬೆಳಕಿಗೆ ಹಿಡಿದು ಒಮ್ಮೆ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟರು.

ಟಿಬಿ ಇತ್ತು. ಮಾಮೂಲಿ ಮಾತ್ರೆಗೆ ಬಗ್ಗುವಂಥದ್ದು ಎಂದೂ ಯಂತ್ರವೇ ಹೇಳಿತು. ನೌಮಾನನ ಎದೆಯಲ್ಲಿ ಏನೂ ಇರಲಿಲ್ಲ, ಮುಂದೆ ಬರದಂತೆ ಅವನಿಗೂ ಮಾತ್ರೆ ಶುರುವಾಯಿತು. ಬುಷ್ರಾ ಅತ್ತೆಯ ಮನೆಯಲ್ಲೇ ಉಳಿದಳು. ರಹಮತ್‌ಬಿ ಖಾಲಾ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಸೊಸೆಯ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮಾತ್ರೆಗಳೆಲ್ಲ ಮುಗಿದ ಮೇಲೆ ನಾನು ಆ ಮನೆಗೆ ಹೋದಾಗ ಖಾಲಾ ಕೂಡ ಅಲ್ಲಿದ್ದರು. ತಪ್ಪು ಹೆಜ್ಜೆ ಇಡುತ್ತಿದ್ದ ನೌಮಾನ್ ನನ್ನನ್ನು ಕಂಡವನೇ ಸೊಂಟಕ್ಕೆ ಕೈಯಿಟ್ಟು, ಖಾಲಾ ಹಾಗೇ ಜೋರಾಗಿ ಕ್ಯಾಕರಿಸಿದ. ಬುಷ್ರಾ ನಾಚಿ ಅವನ ಬಾಯಿ ಮುಚ್ಚಲು ಹೋದಳು. ಖಾಲಾ ಅವಳ ಕೈ ಸರಿಸಿ, ಅವನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು.

ಈಗಲೂ ಕಿವಿಯನ್ನೇ ನಂಬುತ್ತೀರಾ ಎಂದು ನಾನು ರೇಗಿಸಿದೆ.

"ನನಗೇನು ಹುಚ್ಚಾ?" ಎಂದರು ಖಾಲಾ, ಕಿವಿ ತೆಗೆಯದೆ. "ನಿನ್ನೆನೇ ಇವನಿಗೆ ಎಕ್ಸ್‌ರೇ ತೆಗೆಸಿಕೊಂಡು ಬಂದೀನಿ. ಏನೂ ಇಲ್ಲ. ಇದು ಸುಮ್ನೆ ಕೇಳ್ತಿದ್ದೀನಿ."